ಏನೂ ಮಾಡದ ಗುಂಪಿನ ಇಲಿಗಳು

ಹಾನಗಲ್ ತಾಲ್ಲೂಕಿನ ನಮ್ಮ ಊರಿನಲ್ಲಿ ಭತ್ತದ ಚೀಲ ಇರುವ ಪ್ರತಿ ಮನೆಯಲ್ಲೂ ಒಂದು ಇಲಿಬೋನು ಇದೆ. ಧಾರವಾಡದಲ್ಲಿ ಏನು ಓದುತ್ತೀಯ ಎಂದು ದೊಡ್ಡಪ್ಪ ಕೇಳಿದಾಗ, ‘ಇಲಿಯ ಹೊಟ್ಟೆಗೆ ಹುಳು ಬಿಟ್ಟು, ಅದರ ಮೈ ಏನು ಮಾಡುತ್ತದೆ ಎಂದು ನೋಡುತ್ತೇನೆ’ ಎಂದೆ. ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ‘ಇಲಿ ಸಾಯಲಿ ಎಂದು ನಾವು ಇಲ್ಲಿ ಪಾಷಾಣ ಇಡುತ್ತೇವೆ. ನೀನು ಅಲ್ಲಿ ಅದನ್ನು ಕೂಡಿಸಿಕೊಂಡು ಉಣ್ಣಿಸಿ, ಜಂತು ಹಾಕಿ, ಆಮೇಲೆ ಔಷಧವನ್ನೂ ಕೊಡುತ್ತೀಯೇನು ತಂಗಿ?’ ಎಂದರು. ನನ್ನ ಪಿಎಚ್‌ಡಿ ಪ್ರಬಂಧದ ಸಾರಾಂಶವನ್ನು ಇಷ್ಟು ಚೊಕ್ಕವಾಗಿ ನಾನು ಈವರೆಗೂ ಬರೆದಿಲ್ಲ.

ವಿಷಯ ಹುಟ್ಟಿದ್ದು ಅವ್ವನಿಂದ. ಅವಳು ಅಂಗನವಾಡಿ ಕಾರ್ಯಕರ್ತೆ. 2015ರಿಂದ ವರ್ಷಕ್ಕೆ ಎರಡು ಸಲ, ಫೆಬ್ರವರಿಯಲ್ಲೊಮ್ಮೆ ಆಗಸ್ಟ್‌ನಲ್ಲೊಮ್ಮೆ, ಮಕ್ಕಳಿಗೆ ಜಂತುಹುಳದ ಮಾತ್ರೆ ಕೊಡುತ್ತಾಳೆ. ಎರಡು ವರ್ಷ ತುಂಬದ ಕೂಸುಗಳಿಗೆ 400 ಮಿಲಿಗ್ರಾಮಿನ ಅಲ್ಬೆಂಡಜೋಲ್ ಮಾತ್ರೆಯಲ್ಲಿ ಅರ್ಧ, ಪುಡಿ ಮಾಡಿ ನೀರಿನಲ್ಲಿ ಕಲಸಿ. ದೊಡ್ಡ ಮಕ್ಕಳಿಗೆ ಇಡೀ ಮಾತ್ರೆ, ಎದುರಿಗೇ ನಿಂತು ಅಗಿಸಬೇಕು. ಒಮ್ಮೆ ಹೆಸರು ಬರೆದುಕೊಳ್ಳುತ್ತಾ ಕೇಳಿದಳು: ‘ದಡಾರ ಒಮ್ಮೆ ಬಂದು ಹೋದರೆ ಮತ್ತೆ ಬರುವುದಿಲ್ಲ. ಈ ಹುಳ ಮಾತ್ರ ಫೆಬ್ರವರಿಯಲ್ಲಿ ಹೋದದ್ದು ಆಗಸ್ಟ್‌ಗೆ ಮತ್ತೆ ಹೇಗೆ ಬರುತ್ತದೆ? ಮೈ ಅದನ್ನು ನೆನಪಿಟ್ಟುಕೊಳ್ಳುವುದಿಲ್ಲವೇನು?’ ಪ್ರಪಂಚದಲ್ಲಿ ಸುಮಾರು 150 ಕೋಟಿ ಜನರ ಕರುಳಿನಲ್ಲಿ ದುಂಡುಹುಳು, ಚಾಟಿಹುಳು, ಕೊಕ್ಕೆಹುಳು ಈ ಮೂರರಲ್ಲಿ ಒಂದಾದರೂ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವ್ವನ ಪ್ರಶ್ನೆಗೆ ಪೂರ್ತಿ ಉತ್ತರ ಸಿಕ್ಕಿದ್ದರೆ ಇಷ್ಟು ಹೊತ್ತಿಗೆ ಒಂದು ಲಸಿಕೆಯೂ ಬಂದಿರುತ್ತಿತ್ತು. ಮನುಷ್ಯರ ಕರುಳಿನ ಈ ಮೂರು ಹುಳುಗಳಲ್ಲಿ ಯಾವುದಕ್ಕೂ ಅಂಥ ಲಸಿಕೆ ಇನ್ನೂ ಬಳಕೆಗೆ ಬಂದಿಲ್ಲ.

ಮಕ್ಕಳ ಕರುಳನ್ನು ಬಿಚ್ಚಿ ನೋಡಲಾಗದು, ಅದಕ್ಕೇ ಇಲಿ. ನಾನು ಆರಿಸಿಕೊಂಡ ಹುಳದ ಹೆಸರು ಹೆಲಿಗ್ಮೊಸೊಮಾಯ್ಡಿಸ್ ಪಾಲಿಗೈರಸ್. ಮೊದಲ ಮೂರು ತಿಂಗಳು ನನಗೂ ಅದು ಉಚ್ಚರಿಸಲು ಬರುತ್ತಿರಲಿಲ್ಲ. ನಮ್ಮ ವಿಭಾಗದಲ್ಲಿ ಎಲ್ಲರೂ ‘ಪಾಲಿ’ ಎನ್ನುತ್ತಿದ್ದರು. ಇದು ಇಲಿಗಳಲ್ಲೇ ಇರುವ ಹುಳು, ಮನುಷ್ಯರಿಗೆ ಅಂಟುವುದಿಲ್ಲ. ಕೆಂಪಗೆ, ಬುಗುರಿಗೆ ಸುತ್ತಿದ ಚಾಟಿಯ ಹಾಗೆ ಬಿಗಿಯಾಗಿ ಸುರುಳಿ ಸುತ್ತಿಕೊಂಡು, ಸಣ್ಣಕರುಳಿನ ಒಳಗೋಡೆಯಲ್ಲಿ ಬೆರಳುಗಳಂತೆ ಚಾಚಿರುವ ವಿಲ್ಲೈಗಳನ್ನು ತಬ್ಬಿಕೊಂಡಿರುತ್ತದೆ.

ಅನುಮತಿಯ ಕಥೆಯನ್ನು ಬೇಗ ಮುಗಿಸುತ್ತೇನೆ, ಅನುಭವಿಸುವಾಗ ಅದು ಬೇಗ ಮುಗಿಯಲಿಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಅಡಿಯಲ್ಲಿ, ಪ್ರಾಣಿಗಳ ಮೇಲೆ ಪ್ರಯೋಗ ಮಾಡುವ ಪ್ರತಿ ಸಂಸ್ಥೆಯಲ್ಲೂ ಒಂದು ಪ್ರಾಣಿ ನೀತಿ ಸಮಿತಿ ಇರಬೇಕು. ಅದರ ಮುಂದೆ ‘ಫಾರ್ಮ್ ಬಿ’ ತುಂಬಿಕೊಂಡು ಹೋಗಬೇಕು: ಎಷ್ಟು ಇಲಿ, ಯಾಕೆ ಅಷ್ಟು, ನೋವು ಆಗುತ್ತದೆಯೇ, ಕೊನೆಗೆ ಹೇಗೆ ಸಾಯಿಸುತ್ತೀರಿ. ನನ್ನ ಲೆಕ್ಕ ಆರಾರರ ನಾಲ್ಕು ಗುಂಪು, ಒಟ್ಟು 24. ಮೊದಲ ಗುಂಪಿಗೆ ಒಮ್ಮೆ ಮಾತ್ರ ಹುಳು. ಎರಡನೆಯದಕ್ಕೆ ಹುಳು ಹಾಕಿ, ಔಷಧ ಕೊಟ್ಟು ತೆಗೆದು, ಮತ್ತೆ ಹುಳು. ಮೂರನೆಯದಕ್ಕೆ ಹುಳು ಹಾಕದೆ ಔಷಧ ಮಾತ್ರ. ನಾಲ್ಕನೆಯದು ಏನೂ ಮಾಡದ ಗುಂಪು.

ಸಮಿತಿಯಲ್ಲಿದ್ದ ಹಿರಿಯರೊಬ್ಬರು ಕೇಳಿದರು: ‘ಈ ಕೊನೆಯ ಆರು ಇಲಿ ನಿಜಕ್ಕೂ ಬೇಕೇ? ಆರೋಗ್ಯವಾಗಿರುವ ಇಲಿಯ ರಕ್ತದಲ್ಲಿ ಏನಿರುತ್ತದೆ ಎಂಬುದು ಪುಸ್ತಕದಲ್ಲೇ ಇದೆಯಲ್ಲ?’ ಪ್ರಶ್ನೆ ನ್ಯಾಯವಾದದ್ದೇ. ರಸೆಲ್ ಮತ್ತು ಬರ್ಚ್ ಎಂಬಿಬ್ಬರು 1959ರಲ್ಲಿ ಹೇಳಿದ ಮೂರು ಸೂತ್ರಗಳಲ್ಲಿ ಒಂದು, ಪ್ರಾಣಿಗಳ ಸಂಖ್ಯೆಯನ್ನು ಸಾಧ್ಯವಾದಷ್ಟು ಇಳಿಸಬೇಕು ಎಂಬುದು. ‘ಪುಸ್ತಕದ ಇಲಿ ಧಾರವಾಡದ ನೀರು ಕುಡಿದಿಲ್ಲ ಸರ್’ ಎಂದೆ. ನಕ್ಕು ಸಹಿ ಹಾಕಿದರು. ಜಾಣತನದ ಉತ್ತರ ಕೊಟ್ಟೆ ಎಂದು ಬೀಗುತ್ತಾ ಹೊರಬಂದು ಲೈನ್ ಬಜಾರ್‌ಗೆ ಹೋಗಿ ಅರ್ಧ ಕೆ.ಜಿ. ಪೇಡೆ ಕಟ್ಟಿಸಿಕೊಂಡೆ. ಆ ಮಾತಿನ ಅರ್ಥ ಏನೆಂದು ಅದನ್ನು ಆಡಿದ ನನಗೇ ಆಗ ಗೊತ್ತಿರಲಿಲ್ಲ.

ಹುಳುಗಳು ಬೇರೆ ಊರಿನ ಪ್ರಯೋಗಾಲಯದಿಂದ ಥರ್ಮಾಸ್ ಫ್ಲಾಸ್ಕಿನಲ್ಲಿ, ನೀರಿನೊಳಗೆ ಮರಿಗಳಾಗಿ ಬಂದವು. ಅವನ್ನು ಮೊದಲು ಎರಡು ಇಲಿಗಳಲ್ಲಿ ಬೆಳೆಸಿ, ಆ ಇಲಿಗಳ ಹಿಕ್ಕೆಯಿಂದ ಹೊಸ ಮರಿಗಳನ್ನು ತೆಗೆಯಬೇಕು. ಈ ಕೆಲಸ ಕೃಷಿಯೇ. ಹಿಕ್ಕೆಯನ್ನು ಇದ್ದಿಲಿನ ಪುಡಿಯ ಜೊತೆ ಕಲಸಿ, ಒದ್ದೆ ಶೋಧಕಾಗದದ ನಡುವೆ ಹಚ್ಚಿ, ಗಾಜಿನ ತಟ್ಟೆಯಲ್ಲಿ ಮುಚ್ಚಿಡುತ್ತೇವೆ. ಮೊಟ್ಟೆ ಒಡೆದು, ಮರಿ ಎರಡು ಸಲ ಪೊರೆ ಕಳಚಿ, ವಾರದ ಹೊತ್ತಿಗೆ ಕಾಗದದ ಅಂಚಿಗೆ ತೆವಳಿ ಬರುತ್ತದೆ. ಏಪ್ರಿಲ್‌ನಲ್ಲಿ ಮೂರು ಸಲ ಸೋತೆ. ಕಾಗದ ಮಧ್ಯಾಹ್ನದೊಳಗೆ ಒಣಗಿ ಹಪ್ಪಳವಾಗುತ್ತಿತ್ತು. ಜೂನ್‌ನಲ್ಲಿ ಧಾರವಾಡದ ಜಿಟಿಜಿಟಿ ಹಿಡಿದುಕೊಂಡಿತು ನೋಡಿ, ತಟ್ಟೆಯ ತುಂಬ ಮರಿಗಳು. ಊರಿನಲ್ಲಿ ಕೊಕ್ಕೆಹುಳು ಮಳೆಗಾಲದ ಒದ್ದೆ ಮಣ್ಣನ್ನು ಯಾಕೆ ಬಯಸುತ್ತದೆ ಎಂದು ನನಗೆ ಪುಸ್ತಕಕ್ಕಿಂತ ಈ ತಟ್ಟೆಗಳೇ ಚೆನ್ನಾಗಿ ಹೇಳಿದವು.

ಒಂದು ಇಲಿಗೆ 200 ಮರಿ. ಎಣಿಸುವುದು ಕಷ್ಟವಲ್ಲ, ಎಣಿಸಿದ್ದನ್ನು ಇಲಿಯ ಹೊಟ್ಟೆ ಮುಟ್ಟಿಸುವುದು ಕಷ್ಟ. ಮರಿಗಳು ನೀರಿನಲ್ಲಿ ಈಜುತ್ತಾ ನಿಲ್ಲುವುದಿಲ್ಲ, ಅಂಬಲಿಯಲ್ಲಿ ಹಿಟ್ಟು ತಳ ಸೇರಿದ ಹಾಗೆ ಕೆಳಗೆ ಕೂರುತ್ತವೆ. ಪ್ರತಿ ಸಲ ಸಿರಿಂಜಿಗೆ ಎಳೆಯುವ ಮೊದಲು ಕುಲುಕಬೇಕು. ಮರೆತರೆ ಮೊದಲ ಇಲಿಗೆ 80, ಕೊನೆಯ ಇಲಿಗೆ 400. ಉಣಿಸುವ ಸೂಜಿಯ ತುದಿ ಚೂಪಲ್ಲ, ಸಣ್ಣ ಗುಂಡು. ಇಲಿಯ ಕತ್ತಿನ ಹಿಂದಿನ ಸಡಿಲು ಚರ್ಮ ಹಿಡಿದು, ತಲೆ ನೆಟ್ಟಗೆ ಮಾಡಿ, ನಾಲಿಗೆಯ ಮೇಲಿನಿಂದ ಜಾರಿಸಬೇಕು. ಅನ್ನನಾಳವಾದರೆ ಅದು ತಾನೇ ಇಳಿಯುತ್ತದೆ. ತಡೆದರೆ ಒತ್ತಬಾರದು, ಅದು ಶ್ವಾಸನಾಳ. ಇದನ್ನು ನನಗೆ ಕಲಿಸಿದವರು ಗೈಡ್ ಅಲ್ಲ, ಅನಿಮಲ್ ಹೌಸ್ ನೋಡಿಕೊಳ್ಳುವ ಕಾಕಾ. ಮೂವತ್ತು ವರ್ಷದ ಕೈ. ‘ಹೆದರಿದ ಕೈಯನ್ನು ಇಲಿ ಕಚ್ಚುತ್ತದೆ ತಂಗಿ, ಗಟ್ಟಿ ಕೈಯನ್ನು ಕಚ್ಚುವುದಿಲ್ಲ’ ಎನ್ನುತ್ತಿದ್ದರು. ಮೊದಲ ವಾರ ನಾಲ್ಕು ಸಲ ಕಚ್ಚಿಸಿಕೊಂಡೆ.

ಹೊಟ್ಟೆಗೆ ಇಳಿದ ಮರಿ ಒಂದು ದಿನದೊಳಗೆ ಸಣ್ಣಕರುಳಿನ ಗೋಡೆಯನ್ನು ಕೊರೆದು ಒಳಗೆ ಅಡಗುತ್ತದೆ. ಅಲ್ಲೇ ಎರಡು ಸಲ ಪೊರೆ ಬಿಟ್ಟು ಬೆಳೆದು, ಎಂಟನೆಯ ದಿನದ ಆಸುಪಾಸಿನಲ್ಲಿ ಮತ್ತೆ ಕರುಳಿನ ಒಳಕ್ಕೆ ಬಂದು ಸಂಸಾರ ಹೂಡುತ್ತದೆ. ಎರಡು ವಾರ ತುಂಬುವ ಹೊತ್ತಿಗೆ ಇಲಿಯ ಹಿಕ್ಕೆಯಲ್ಲಿ ಮೊಟ್ಟೆ ಸಿಗಬೇಕು. ಅಡುಗೆ ಉಪ್ಪಿನ ದಟ್ಟ ದ್ರಾವಣದಲ್ಲಿ ಹಿಕ್ಕೆಯನ್ನು ಕದಡಿದರೆ ಮೊಟ್ಟೆ ತೇಲಿ ಮೇಲೆ ಬರುತ್ತದೆ. ಜುಲೈನ ಆ ಬೆಳಿಗ್ಗೆ ಹುಳು ಹಾಕಿದ ಎಲ್ಲ ಇಲಿಗಳಲ್ಲೂ ಮೊಟ್ಟೆ ಕಂಡಿತು. ಅದೇ ದಿನ ಬಾಲದಿಂದ ಒಂದೊಂದು ಹನಿ ರಕ್ತ ತೆಗೆದು, ಸ್ಲೈಡಿನ ಮೇಲೆ ಎಳೆದು, ಲೀಶ್‌ಮನ್ ಬಣ್ಣ ಹಾಕಿದೆ.

ನಾನು ಹುಡುಕುತ್ತಿದ್ದುದು ಇಯೊಸಿನೋಫಿಲ್ ಎಂಬ ಬಿಳಿ ರಕ್ತಕಣವನ್ನು. ಇಯೊಸಿನ್ ಎಂಬ ಕೆಂಪು ಬಣ್ಣವನ್ನು ಹೀರಿಕೊಳ್ಳುವ ಕಣ ಎಂದು 1879ರಲ್ಲಿ ಪೌಲ್ ಎರ್ಲಿಕ್ ಇಟ್ಟ ಹೆಸರು. ಸೂಕ್ಷ್ಮದರ್ಶಕದಲ್ಲಿ ಅದರ ಒಡಲ ತುಂಬ ಕಿತ್ತಳೆಗೆಂಪಿನ ರವೆ. ಹುಳುವಿನ ಸೋಂಕಾದಾಗ ಇದು ಹೆಚ್ಚುತ್ತದೆ. ಆರೋಗ್ಯವಾದ ಇಲಿಯಲ್ಲಿ ನೂರು ಬಿಳಿಕಣಕ್ಕೆ ಎರಡೋ ಮೂರೋ ಇರಬೇಕು ಎಂದುಕೊಂಡಿದ್ದೆ. ಹುಳು ಹಾಕಿದ ಗುಂಪಿನಲ್ಲಿ ಹನ್ನೆರಡರಿಂದ ಹದಿನೇಳು ಬಂತು, ಸಂತೋಷ. ಏನೂ ಮಾಡದ ಗುಂಪಿನ ಮೊದಲ ಇಲಿಯಲ್ಲಿ ಎರಡು. ಎರಡನೆಯದರಲ್ಲಿ ಒಂಬತ್ತು. ಮೂರನೆಯದರಲ್ಲಿ ಎಂಟು. ನಾಲ್ಕನೆಯದರಲ್ಲಿ ಮತ್ತೆ ಎರಡು.

ತಪ್ಪು ನನ್ನದೇ ಇರಬೇಕು ಎಂದು ನಾಲ್ಕು ದಿನ ನಂಬಿದೆ. ಸ್ಲೈಡುಗಳ ಚೀಟಿ ಅದಲುಬದಲಾಗಿದೆಯೇ? ಬಣ್ಣ ಹಳೆಯದೇ? ಹೊಸ ಬಣ್ಣ ಕಲಸಿದೆ, ಹೊಸ ರಕ್ತ ತೆಗೆದೆ. ಯಾವ ಸ್ಲೈಡು ಯಾವ ಗುಂಪಿನದು ಎಂದು ಹೇಳದೆ ಗೆಳತಿಯ ಕೈಯಲ್ಲಿ ಎಣಿಸಿದೆ. ಅವಳಿಗೂ ಒಂಬತ್ತೇ ಬಂತು. ಗೈಡ್ ಸ್ಲೈಡಿಗೆ ಕಣ್ಣಿಟ್ಟು ಬಹಳ ಹೊತ್ತು ಸುಮ್ಮನಿದ್ದು, ‘ಇಯೊಸಿನೋಫಿಲ್ ಸುಳ್ಳು ಹೇಳುವುದಿಲ್ಲ’ ಎಂದಷ್ಟೇ ಹೇಳಿ ಎದ್ದರು. ಎಲ್ಲಿಂದ ಹುಡುಕಲಿ ಎಂಬುದನ್ನು ಅವರೂ ಹೇಳಲಿಲ್ಲ. ಸಪ್ತಾಪುರದ ನನ್ನ ಬಾಡಿಗೆ ಕೋಣೆಯ ಗೋಡೆ ಆ ವಾರ ಮಳೆಗೆ ನೆನೆದು ಹಸಿರಾಗಿತ್ತು, ನನ್ನ ಮುಖವೂ ಹಾಗೇ ಇದ್ದಿರಬೇಕು.

ಹುಡುಕಿಕೊಟ್ಟವರು ಕಾಕಾ. ಕೇಜ್‌ಗಳ ಹೊಟ್ಟು ಬದಲಿಸುತ್ತಾ ಹೇಳಿದರು: ‘ಈ ಇಲಿಗಳು ಬಾಲದ ಬುಡವನ್ನು ಬಹಳ ಕೆರೆದುಕೊಳ್ಳುತ್ತವೆ ತಂಗಿ. ನನ್ನ ಮೊಮ್ಮಗ ರಾತ್ರಿ ಹೀಗೇ ಮಾಡುತ್ತಾನೆ.’ ನಾನು ಕೈಯಲ್ಲಿದ್ದುದನ್ನು ಹಾಗೇ ಬಿಟ್ಟು ಅವ್ವನಿಗೆ ಫೋನ್ ಮಾಡಿದೆ. ಮಕ್ಕಳು ರಾತ್ರಿ ಕುಂಡೆ ಕೆರೆದುಕೊಂಡರೆ ಏನು ಎಂದೆ. ‘ನೂಲಿನಂಥ ಬಿಳಿ ಹುಳ. ಇಷ್ಟು ಓದಿ ಅದೂ ಗೊತ್ತಿಲ್ಲವೇ?’ ಎಂದಳು.

ಇಲಿಗಳಿಗೂ ಅವುಗಳದೇ ನೂಲುಹುಳು ಇದೆ, ಸೈಫೇಸಿಯಾ ಆಬ್ವೆಲಾಟಾ. ಪ್ರಯೋಗಾಲಯದ ಇಲಿಗಳಲ್ಲಿ ಇದು ಪ್ರಪಂಚದ ಎಲ್ಲೆಡೆಯ ಕಾಟ. ದೊಡ್ಡಕರುಳಿನಲ್ಲಿ ವಾಸ, ಹೆಣ್ಣುಹುಳು ಹೊರಬಂದು ಬಾಲದ ಬುಡದ ಚರ್ಮಕ್ಕೆ ಮೊಟ್ಟೆ ಅಂಟಿಸಿ ಹೋಗುತ್ತದೆ. ಕೆಲವೇ ಗಂಟೆಗಳಲ್ಲಿ ಆ ಮೊಟ್ಟೆ ಸೋಂಕು ಹರಡಲು ತಯಾರು. ದೂಳಿನಲ್ಲಿ ಹಾರುತ್ತದೆ, ಕೈಗವಸಿಗೆ, ಮೇಜಿಗೆ, ಪಕ್ಕದ ಕೇಜ್‌ಗೆ ಅಂಟುತ್ತದೆ. ಇಲಿಗೆ ಕಾಯಿಲೆಯೇನೂ ಕಾಣುವುದಿಲ್ಲ, ತಿಂದುಂಡು ಕೊಬ್ಬಿ ಇರುತ್ತದೆ. ಆದರೆ ಅದರ ರೋಗನಿರೋಧಕ ವ್ಯವಸ್ಥೆ ಒಳಗೆ ಎದ್ದು ಕೂತಿರುತ್ತದೆ, ನಾವು ಅಳೆಯಲು ಹೊರಟ ಅಂಕಿಗಳನ್ನೆಲ್ಲ ಅಲುಗಾಡಿಸುತ್ತದೆ. ಉಪ್ಪುನೀರಿನಲ್ಲಿ ಹಿಕ್ಕೆ ತೇಲಿಸಿದ ನನಗೆ ಅದು ಕಾಣದಿರಲು ಕಾರಣವೂ ಇದೇ: ಈ ಹುಳದ ಮೊಟ್ಟೆ ಮುಖ್ಯವಾಗಿ ಚರ್ಮದಲ್ಲಿರುತ್ತದೆ, ಹಿಕ್ಕೆಯಲ್ಲಿ ಅಪರೂಪ.

ಪರೀಕ್ಷೆಗೆ ಬೇಕಾದದ್ದು ಪುಸ್ತಕದಂಗಡಿಯ ಪಾರದರ್ಶಕ ಟೇಪು. ಬಾಲದ ಬುಡಕ್ಕೆ ಒತ್ತಿ, ಕಿತ್ತು, ಸ್ಲೈಡಿಗೆ ಅಂಟಿಸಿ ನೋಡುವುದು. ಮೊದಲ ಸ್ಲೈಡಿನಲ್ಲೇ ಕಂಡವು: ಒಂದು ಬದಿ ಚಪ್ಪಟೆ, ಇನ್ನೊಂದು ಬದಿ ಉಬ್ಬಿ, ಬಾಳೆಹಣ್ಣಿನ ಹಾಗೆ ಬಾಗಿದ ಮೊಟ್ಟೆಗಳು, ಚಿಪ್ಪು ಇಟ್ಟಂತೆ ಸಾಲಾಗಿ. 24ರಲ್ಲಿ 13 ಇಲಿಗಳಲ್ಲಿ ಸಿಕ್ಕವು. ಉಳಿದ 11ರಲ್ಲಿ ಇಲ್ಲ ಎನ್ನುವ ಹಾಗೂ ಇರಲಿಲ್ಲ, ಏಕೆಂದರೆ ಒಂದು ದಿನ ಟೇಪಿಗೆ ಬರದ ಮೊಟ್ಟೆ ಇನ್ನೊಂದು ದಿನ ಬರುತ್ತದೆ. ಇಲಿಗಳ ಜೊತೆ ಬಂದ ಕಾಗದದಲ್ಲಿ ಪರಾವಲಂಬಿಗಳಿಲ್ಲ ಎಂದು ಅಚ್ಚಾಗಿತ್ತು. ಹುಳು ಬಂದದ್ದು ಅವರಿಂದಲೋ, ನಮ್ಮ ಕೋಣೆಯ ದೂಳಿನಿಂದಲೋ, ನನ್ನದೇ ಕೈಗವಸಿನಿಂದಲೋ, ಕೊನೆಯವರೆಗೂ ಪತ್ತೆಯಾಗಲಿಲ್ಲ. ಆದರೆ ಬಂದ ದಿನವೇ ನಾನು ಟೇಪು ಒತ್ತಿ ನೋಡಿರಲಿಲ್ಲ. ಕಾಗದವನ್ನು ನಂಬಿ ಕಡತದಲ್ಲಿ ಸೇರಿಸಿದ್ದೆ. ಎರಡು ರೂಪಾಯಿಯ ಟೇಪಿನ ಸೋಮಾರಿತನ ಅದು.

ಪ್ರಯೋಗ ಅಲ್ಲಿಗೇ ನಿಂತಿತು. ಇಂಗಾಲದ ಡೈಆಕ್ಸೈಡ್ ಪೆಟ್ಟಿಗೆಯಲ್ಲಿ 24 ಇಲಿಗಳು, ಆಮೇಲೆ ಹಳದಿ ಚೀಲ, ಆಮೇಲೆ ಜೈವಿಕ ತ್ಯಾಜ್ಯದ ವಾಹನ. ಪ್ರಯೋಗಕ್ಕೆ ಇಲಿ ಸಾಯುವುದಕ್ಕೂ ವ್ಯರ್ಥವಾಗಿ ಸಾಯುವುದಕ್ಕೂ ಇಲಿಗೇನೂ ವ್ಯತ್ಯಾಸವಿಲ್ಲ ಎಂದು ಗೆಳತಿ ಸಮಾಧಾನ ಹೇಳಿದಳು. ನನಗೆ ಇತ್ತು. ಕಾಕಾ ಅಂದು ಮಧ್ಯಾಹ್ನ ಬುತ್ತಿ ಬಿಚ್ಚಲಿಲ್ಲ. ಸಮಿತಿಗೆ ಹೋಗಿ ನಡೆದದ್ದನ್ನು ಹೇಳಿ, ಇನ್ನೂ 24 ಇಲಿ ಬೇಕು ಎಂದು ಕೇಳುವುದು ನನ್ನ ಬದುಕಿನ ಅತಿ ಮುಜುಗರದ ಕೆಲಸ. ಅದೇ ಹಿರಿಯರು ಕನ್ನಡಕ ತೆಗೆದು, ‘ಆ ಕೊನೆಯ ಆರು ಇಲ್ಲದಿದ್ದರೆ ಏನಾಗುತ್ತಿತ್ತು?’ ಎಂದು ಕೇಳಿದರು. ಏನಾಗುತ್ತಿತ್ತು ಎಂದರೆ, ಪುಸ್ತಕದ ‘ಎರಡು’ ಎಂಬ ಅಂಕಿಯನ್ನು ಪಕ್ಕದಲ್ಲಿಟ್ಟು, ನನ್ನ ಹದಿನೇಳೆಲ್ಲ ಪಾಲಿಯದೇ ಕರಾಮತ್ತು ಎಂದು ಬರೆದು ಪದವಿ ಪಡೆಯುತ್ತಿದ್ದೆ. ಎಷ್ಟು ಪಾಲು ಪಾಲಿಯದು, ಎಷ್ಟು ನೂಲುಹುಳದ್ದು ಎಂದು ಯಾರೂ ಕೇಳುತ್ತಿರಲಿಲ್ಲ.

ಕೋಣೆ ಖಾಲಿ ಮಾಡಿ ತೊಳೆಯುವುದಕ್ಕೆ ಸೆಪ್ಟೆಂಬರ್ ಪೂರ್ತಿ ಹೋಯಿತು. ಒಣಗಿದರೂ ಜಗ್ಗದ ಮೊಟ್ಟೆ ಅದು, ಬಿಸಿಗೆ ಮಾತ್ರ ಬಗ್ಗುತ್ತದೆ. ಕೇಜ್, ನೀರಿನ ಬಾಟಲಿ, ಹೊಟ್ಟು ಎಲ್ಲ ಒತ್ತಡದ ಹಬೆಯಲ್ಲಿ ಬೇಯಿಸುವ ಆಟೋಕ್ಲೇವ್‌ಗೆ. ಹೊಸ ಇಲಿಗಳು ಬೇರೆ ಕಡೆಯಿಂದ ಬಂದವು. ಮೂರು ವಾರ ಪ್ರತ್ಯೇಕ ಕೋಣೆ, ವಾರಕ್ಕೆರಡು ಸಲ ಟೇಪು. ತಳಿ ಹಿಂದಿನದೇ, ಬಾಲ್ಬ್-ಸಿ ಎಂಬ ಬಿಳಿ ಇಲಿ. 1913ರಲ್ಲಿ ಹ್ಯಾಲ್ಸಿ ಬ್ಯಾಗ್ ಎಂಬಾತ ಅಮೆರಿಕದ ಒಹಾಯೊದ ವ್ಯಾಪಾರಿಯೊಬ್ಬನಿಂದ ಕೊಂಡು ಸಾಕಿದ ಬಿಳಿ ಇಲಿಗಳ ವಂಶ, ಬ್ಯಾಗ್‌ನ ಅಲ್ಬಿನೋ ಎಂಬುದರಿಂದಲೇ ಆ ಹೆಸರು. ಅಣ್ಣ ತಂಗಿಯರನ್ನೇ ಕೂಡಿಸಿ ತಲೆಮಾರುಗಟ್ಟಲೆ ಬೆಳೆಸಿದ್ದರಿಂದ ಒಂದು ಇಲಿ ಇನ್ನೊಂದರ ಅಚ್ಚು. ಹಾಗಿದ್ದೂ ಒಂದೇ ಕೇಜ್‌ನಲ್ಲಿ ಒಂದಕ್ಕೆ ಎರಡು, ಇನ್ನೊಂದಕ್ಕೆ ಒಂಬತ್ತು ಬಂದಿತ್ತಲ್ಲ, ಆ ವ್ಯತ್ಯಾಸವನ್ನು ಕಂಡಾಗಲೇ ನನಗೆ ಹೊರಗಿನವರ ಕೈವಾಡದ ಅನುಮಾನ ಬರಬೇಕಿತ್ತು.

ನವೆಂಬರ್‌ನಲ್ಲಿ ಮತ್ತೆ ಶುರು. ಈ ಸಲ ಏನೂ ಮಾಡದ ಆರು ಇಲಿಗಳಲ್ಲಿ ಇಯೊಸಿನೋಫಿಲ್ ಒಂದು, ಎರಡು, ಒಂದು, ಮೂರು, ಎರಡು, ಒಂದು. ಈ ಆರು ಅಂಕಿಗಳನ್ನು ಬರೆದ ಹಾಳೆಯನ್ನು ನಾನು ಪೂಜೆ ಮಾಡುವುದೊಂದು ಬಾಕಿ.

ಎರಡನೆಯ ಗುಂಪಿಗೆ ಹದಿನಾಲ್ಕನೆಯ ದಿನ ಪೈರಾಂಟೆಲ್ ಕೊಟ್ಟು ಹುಳು ಹೊರಡಿಸಿ, ಮೂರು ವಾರ ಬಿಟ್ಟು ಮತ್ತೆ 200 ಮರಿ ಕುಡಿಸಿದೆ. ಎರಡು ವಾರದ ಮೇಲೆ ಕರುಳು ತೆರೆದೆ. ಒಮ್ಮೆ ಮಾತ್ರ ಹುಳು ಹಾಕಿದ ಇಲಿಗಳಲ್ಲಿ ಕೆಂಪು ಸುರುಳಿಗಳು ನೂರಕ್ಕೆ ಮೇಲೆ, ಒಂದರಲ್ಲಿ 163. ಎರಡನೆಯ ಸಲದವುಗಳಲ್ಲಿ 19, 41, 26. ಕರುಳಿನ ಹೊರಮೈಯಲ್ಲಿ ಮಾತ್ರ ರಾಗಿಕಾಳಿನಷ್ಟು ಬೆಳ್ಳನೆ ಗಂಟುಗಳು. ಗೋಡೆಯಲ್ಲಿ ಅಡಗಲು ಬಂದ ಮರಿಯನ್ನು ಈ ಸಲ ಮೈ ಗುರುತು ಹಿಡಿದು, ಮ್ಯಾಕ್ರೊಫೇಜ್ ಎಂಬ ಕಣಗಳ ಗುಂಪು ಸುತ್ತುವರಿದು ಅಲ್ಲೇ ಕಟ್ಟಿಹಾಕಿದ ಗುರುತು ಅವು. ಇಲಿಯ ಮೈ ನೆನಪಿಟ್ಟುಕೊಳ್ಳುತ್ತದೆ, ಅವ್ವ.

ಅಂಗಾಂಶದ ಸ್ಲೈಡು ಮಾಡಿಸಲು ಹುಬ್ಬಳ್ಳಿಗೆ ಹೋಗಬೇಕಾಗಿತ್ತು. ಫಾರ್ಮಲಿನ್ ತುಂಬಿದ ಸೀಸೆಗಳನ್ನು ಊಟದ ಡಬ್ಬಿಯಲ್ಲಿಟ್ಟುಕೊಂಡು ಚಿಗರಿ ಬಸ್ ಹತ್ತಿದೆ. ನವನಗರ ದಾಟುವಾಗ ಪಕ್ಕದ ಹೆಂಗಸು, ‘ಉಪ್ಪಿನಕಾಯಿಯೇ?’ ಎಂದು ಕೇಳಿದರು. ಹೌದು ಎಂದೆ. ವಾರದ ನಂತರ ಬಂದ ಸ್ಲೈಡುಗಳಲ್ಲಿ ಲೋಳೆ ಸುರಿಸುವ ಗೋಬ್ಲೆಟ್ ಕೋಶಗಳಿಗೆ ಕಡುಗುಲಾಬಿ ಬಣ್ಣ ಹಿಡಿಸಿದ್ದರು. ಏನೂ ಮಾಡದ ಇಲಿಯಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕಿ. ಎರಡು ಸಲ ಹುಳು ಕಂಡ ಇಲಿಯ ಕರುಳು ಹುಬ್ಬಳ್ಳಿಯ ರಂಗಪಂಚಮಿ ಮುಗಿದ ಮರುದಿನದ ಗೋಡೆಯಂತಿತ್ತು.

ಕರುಳಿಗೆ ಹುಳು ಬಂದದ್ದನ್ನು ಮೊದಲು ಕಾಣುವುದು ಯಾರು ಎಂಬುದು ಬಹಳ ಕಾಲ ಒಗಟಾಗಿತ್ತು. ಕರುಳಿನ ಒಳಪದರದಲ್ಲಿ ಅಪರೂಪಕ್ಕೊಂದರಂತೆ, ತಲೆಯ ಮೇಲೆ ಜುಟ್ಟಿರುವ ಟಫ್ಟ್ ಕೋಶಗಳಿವೆ. 1950ರ ದಶಕದಿಂದಲೇ ಅವು ಕಣ್ಣಿಗೆ ಬಿದ್ದಿದ್ದರೂ ಕೆಲಸ ಏನೆಂದು ತಿಳಿದಿರಲಿಲ್ಲ. 2016ರಲ್ಲಿ ಮೂರು ತಂಡಗಳು ಇಲಿಗಳಲ್ಲಿ ತೋರಿಸಿದವು: ಅವು ಊರಿನ ತಳವಾರರು. ಹುಳು ಬಂದ ಸುಳಿವು ಸಿಕ್ಕ ಕೂಡಲೇ ಇಂಟರ್‌ಲ್ಯೂಕಿನ್-25 ಎಂಬ ಸಂದೇಶದ ಪ್ರೋಟೀನಿನ ಡಂಗುರ ಹೊಡೆಯುತ್ತವೆ. ಅದನ್ನು ಕೇಳಿದ ಐಎಲ್‌ಸಿ-2 ಎಂಬ ಕಣಗಳು ಇಂಟರ್‌ಲ್ಯೂಕಿನ್-13 ಸುರಿಸುತ್ತವೆ. ಅದರಿಂದ ಲೋಳೆಯೂ ಹೆಚ್ಚು, ಹೊಸ ತಳವಾರರೂ ಹೆಚ್ಚು. ಡಂಗುರ ಇನ್ನೂ ಜೋರು. ಬ್ಯಾಕ್ಟೀರಿಯಾವನ್ನು ಒಂದು ಕಣ ನುಂಗಬಹುದು, ಹುಳುವನ್ನು ನುಂಗಲಾಗದು, ಅದು ಕಣಕ್ಕಿಂತ ಸಾವಿರ ಪಟ್ಟು ಉದ್ದ. ಆದ್ದರಿಂದ ಇಲ್ಲಿ ಮೈಯ ಮುಖ್ಯ ಉಪಾಯ ನೆಲ ಜಾರುವಂತೆ ಮಾಡಿ, ನೀರು ಬಿಟ್ಟು, ಗುಡಿಸಿ ಹೊರಹಾಕುವುದು. ಮನೆಗೆ ಬಂದ ಬೇಡದ ನೆಂಟರನ್ನು ನಮ್ಮ ಅಜ್ಜಿ ಸಾಗಹಾಕುತ್ತಿದ್ದುದೂ ಹೀಗೆಯೇ: ಜಗಳವಾಡುತ್ತಿರಲಿಲ್ಲ, ಬೆಳಗಿನ ಜಾವ ಎದ್ದು ಅವರು ಮಲಗಿದ ಪಡಸಾಲೆಯನ್ನು ಸಾರಿಸಲು ಶುರು ಮಾಡುತ್ತಿದ್ದರು.

ಮತ್ತೆ ನಾನು ಕಣ್ಣು ಬತ್ತುವಷ್ಟು ಎಣಿಸಿದ ಇಯೊಸಿನೋಫಿಲ್? ಪಾಲಿಯ ಮಟ್ಟಿಗೆ ಅದು ಮುಂಚೂಣಿಯ ಸೈನಿಕನೇನಲ್ಲ. ಟ್ರೈಕಿನೆಲ್ಲಾ ಎಂಬ ಇನ್ನೊಂದು ಹುಳುವಿನ ಕಥೆ ಇನ್ನೂ ತಮಾಷೆಯದು: ಇಯೊಸಿನೋಫಿಲ್ ಇಲ್ಲದಂತೆ ಮಾಡಿದ ಇಲಿಗಳಲ್ಲಿ ಸ್ನಾಯುವಿಗೆ ಸೇರಿದ ಮರಿಗಳೇ ಹೆಚ್ಚು ಸತ್ತವು. ಅಂದರೆ ಅಲ್ಲಿ ಆ ಕಣ ಹುಳುವಿಗೇ ನೆರವಾಗುತ್ತಿತ್ತು. ನನಗೆ ಇದರಿಂದ ಬೇಸರವಾಗಲಿಲ್ಲ. ನನ್ನ ಪ್ರಯೋಗದಲ್ಲಿ ಅದು ಹೊಗೆ, ಬೆಂಕಿ ಎಲ್ಲಿದೆ ಎಂದು ಹೇಳಿತು. ಒಮ್ಮೆ ನಾನು ಹಚ್ಚದ ಬೆಂಕಿಯನ್ನೂ ತೋರಿಸಿತು.

ಫೆಬ್ರವರಿ ಹತ್ತಕ್ಕೆ ಊರಿಗೆ ಹೋಗಿದ್ದೆ. ಅಂಗನವಾಡಿಯಲ್ಲಿ ಅವ್ವ ಸಣ್ಣ ಮಕ್ಕಳಿಗಾಗಿ ಚಮಚದ ಬೆನ್ನಿನಿಂದ ಮಾತ್ರೆ ಪುಡಿ ಮಾಡುತ್ತಿದ್ದಳು. ‘ಇಲಿ ಏನು ಹೇಳಿತು?’ ಎಂದಳು.

ಇಲಿಯ ಮೈ ಎರಡನೆಯ ಸಲ ಹುಳುವನ್ನು ಗುರುತಿಸಿತು ಎಂದೆ. ಹಾಗಾದರೆ ಮಕ್ಕಳ ಮೈ ಯಾಕೆ ಗುರುತಿಸುವುದಿಲ್ಲ ಎಂದಳು. ನಾನು ಇಲಿಗೆ ಒಂದೇ ಏಟಿಗೆ 200 ಕುಡಿಸುತ್ತೇನೆ. ಮಕ್ಕಳಿಗೆ ಮಣ್ಣಿನಿಂದ, ತೊಳೆಯದ ಕೈಯಿಂದ ಇಂದು ಒಂದು, ನಾಳೆ ಎರಡು. ದೊಡ್ಡ ದಾಳಿಗೆ ಏಳುವ ಮೈ ಇಂಥ ಹನಿಹನಿಗೆ ತಡವಾಗಿ ಏಳುತ್ತದೆ. ಇಲಿಯ ಚಾಟಿಹುಳುವನ್ನು ಹೀಗೆ ಸ್ವಲ್ಪ ಸ್ವಲ್ಪವೇ ಕೊಟ್ಟು ನೋಡಿದ ಪ್ರಯೋಗ 2019ರಲ್ಲಿ ಪ್ರಕಟವಾಯಿತು: ಮೊದಮೊದಲು ಹುಳು ನೆಲೆಯೂರುತ್ತದೆ, ಬಹಳ ಸಲ ಆದಮೇಲೆ ನಿಧಾನವಾಗಿ ಪ್ರತಿರೋಧ ಕಟ್ಟಿಕೊಳ್ಳುತ್ತದೆ. ಸಾಲದ್ದಕ್ಕೆ ಹುಳುಗಳೂ ಕೈಕಟ್ಟಿ ಕೂರುವುದಿಲ್ಲ. ನನ್ನ ಪಾಲಿಯೇ ಇಲಿಯ ದೇಹದ ‘ಸಾಕು, ಶಾಂತವಾಗು’ ಎಂಬ ಸಂದೇಶವನ್ನು ನಕಲು ಮಾಡುವ ಪ್ರೋಟೀನ್ ತಯಾರಿಸುತ್ತದೆ. ಇಷ್ಟನ್ನೂ ಹೇಳಿದೆ. ಅವ್ವ ಕೇಳಿ, ‘ಅಂದರೆ ಕೈ ತೊಳೆಯಿರಿ, ಚಪ್ಪಲಿ ಹಾಕಿರಿ ಎಂದು ನಾನು ಹೇಳುವುದನ್ನು ಬಿಡುವ ಹಾಗಿಲ್ಲ’ ಎಂದು ಪುಡಿಗೆ ನೀರು ಬೆರೆಸಿದಳು.

ಬಾಗಿಲ ಬಳಿ ಒಬ್ಬ ಹುಡುಗ ಅಜ್ಜಿಯ ಸೆರಗು ಹಿಡಿದು ನಿಂತಿದ್ದ. ಮೈ ಬಿಸಿ ಇತ್ತು. ಜ್ವರ ಇರುವ ಮಕ್ಕಳಿಗೆ ಅಂದು ಮಾತ್ರೆ ಕೊಡುವ ಹಾಗಿಲ್ಲ. ಅವನ ಹೆಸರಿನ ಮುಂದಿನ ಚೌಕ ಖಾಲಿ ಉಳಿಯಿತು.

‘ಇವನೊಬ್ಬ ಏನೂ ಮಾಡದ ಗುಂಪು’ ಎಂದು ನಾನು ನಕ್ಕೆ.

ಅವ್ವ ನಗಲಿಲ್ಲ. ಆ ಚೌಕದಲ್ಲಿ ಪೆನ್ಸಿಲ್‌ನಿಂದ ಒಂದು ಸಣ್ಣ ಚುಕ್ಕಿ ಇಟ್ಟು, ಒಂದು ಮಾತ್ರೆಯನ್ನು ಕಾಗದದಲ್ಲಿ ಮಡಿಸಿ ಬೇರೆ ಡಬ್ಬಿಗೆ ಹಾಕಿದಳು. ‘ಮುಂದಿನ ವಾರ ಉಳಿದವರ ಸರದಿ ಇದೆ’ ಎಂದು ಅಜ್ಜಿಗೆ ಹೇಳಿದಳು, ‘ನೀವು ಕರೆದುಕೊಂಡು ಬರದಿದ್ದರೆ ನಾನೇ ಮನೆಗೆ ಬರುತ್ತೇನೆ.’